ಶಾಲಾ ಬ್ಯಾಂಡ್‌ನ ಮೊದಲ ಕಾರ್ಯಕ್ರಮಕ್ಕೆ ಏನು ಕಲಿಸಲಿ?

ಪ್ರಶ್ನೆ (ಕಾರವಾರ): ಆರನೇ ತರಗತಿ ಮಕ್ಕಳು, ಎಲ್ಲರೂ ಹೊಸಬರು. ಕ್ಲಾರಿನೆಟ್, ಟ್ರಂಪೆಟ್, ಆಲ್ಟೊ ಸ್ಯಾಕ್ಸೊಫೋನ್, ಡ್ರಮ್ ಇವೆ. ರಾಷ್ಟ್ರಗೀತೆಯಿಂದಲೇ ಶುರು ಮಾಡಬಹುದೇ?

ಉತ್ತರ (ಶಿರಸಿ): ಬೇಡ ಸರ್, ಅದು ಆಮೇಲೆ. ಕ್ಲಾರಿನೆಟ್‌ನಲ್ಲಿ ಕೆಳಗಿನ ಸಿ ಸ್ವರವನ್ನು ಷಡ್ಜ ಮಾಡಿದರೆ ‘ಜಯ ಹೇ’ಗೆ ಮೇಲಿನ ನಿ, ಸ ಬೇಕು. ಅಲ್ಲೇ ರಿಜಿಸ್ಟರ್ ಕೀ (ಮೇಲಿನ ಸ್ವರಗಳಿಗೆ ಏರಿಸುವ ಕೀಲಿ) ಒತ್ತಿ, ಬಹುತೇಕ ಎಲ್ಲ ತೂತುಗಳನ್ನೂ ಒಟ್ಟಿಗೆ ಮುಚ್ಚಬೇಕಾಗುತ್ತದೆ. ಒಂದು ಬೆರಳು ಕೂದಲೆಳೆಯಷ್ಟು ಸರಿದರೂ ಕೀಚ್ ಎನ್ನುತ್ತದೆ. ಟ್ರಂಪೆಟ್ ಮಕ್ಕಳು ಆ ಎತ್ತರಕ್ಕೆ ತುಟಿ ಬಿಗಿದು ಬೇಗ ಸುಸ್ತಾಗುತ್ತಾರೆ. ಸರಿಗಮಪ, ಐದೇ ಸ್ವರದ ಚಿಕ್ಕ ರಚನೆ ಆರಿಸಿ. ಪ್ರತಿ ನಾಲ್ಕು ಬಾರ್‌ಗೆ (ತಾಳದ ಆವರ್ತಕ್ಕೆ) ಉಸಿರಿಗೆ ಜಾಗವಿರಲಿ.

ಉತ್ತರ (ಕುಮಟಾ): ಎಲ್ಲರಿಗೂ ಒಂದೇ ಹಾಳೆ ಜೆರಾಕ್ಸ್ ಮಾಡಿ ಕೊಡಬೇಡಿ. ಹಾಳೆಯಲ್ಲಿ ಬರೆದ ಒಂದೇ ಸ್ವರ ಬೇರೆ ಬೇರೆ ವಾದ್ಯದಲ್ಲಿ ಬೇರೆಯಾಗಿ ಕೇಳುತ್ತದೆ. ಬಿ ಫ್ಲ್ಯಾಟ್ ಕ್ಲಾರಿನೆಟ್, ಟ್ರಂಪೆಟ್ ಸಿ ನುಡಿಸುವಾಗ ಅದೇ ಸ್ವರ ಕೇಳಿಸಲು ಆಲ್ಟೊಗೆ ಜಿ ಬರೆದಿರಬೇಕು.

ಉತ್ತರ (ಹೊನ್ನಾವರ): ನಮ್ಮ ಮಳೆಗಾಲಕ್ಕೆ ಕ್ಲಾರಿನೆಟ್, ಸ್ಯಾಕ್ಸೊಫೋನ್‌ಗಳ ಒದ್ದೆ ರೀಡ್ (ಊದಿದಾಗ ಕಂಪಿಸುವ ತೆಳು ಪಟ್ಟಿ) ಮೌತ್‌ಪೀಸ್‌ನಲ್ಲೇ ಬಿಟ್ಟರೆ ಬೂಷ್ಟು ಖಂಡಿತ. ಬಿಚ್ಚಿ, ಒರೆಸಿ, ಗಾಳಿಯಾಡುವ ರೀಡ್ ಡಬ್ಬಿಯಲ್ಲಿಡಿಸಿ.