ಸಹಾಯ ಬೇಕು: ಓಡುವ ಗುರಿಗೆ ರೈಫಲ್ ಅಭ್ಯಾಸ

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನವನು, ಈಗ ದಕ್ಷಿಣ ಸ್ವೀಡನ್‌ನಲ್ಲಿದ್ದೇನೆ. ಅಕ್ಟೋಬರ್‌ನಲ್ಲಿ ಇಲ್ಲಿ ಮೂಸ್ (ದೊಡ್ಡ ಜಾತಿಯ ಜಿಂಕೆ) ಬೇಟೆ ಶುರು. ಅದಕ್ಕೆ ಮುಂಚೆ ಹಳಿಯ ಮೇಲೆ ಓಡುವ ಮೂಸ್ ಚಿತ್ರಕ್ಕೆ 80 ಮೀಟರ್ ದೂರದಿಂದ ಹೊಡೆದು ಅಭ್ಯಾಸ ಮಾಡುತ್ತಿದ್ದೇನೆ. ಊರಲ್ಲಿ ಕೈಲ್ ಮುಹೂರ್ತ ಹಬ್ಬಕ್ಕೆ ತೆಂಗಿನಕಾಯಿ ಹೊಡೆದು ರೂಢಿ ಇದೆ, ನಿಂತ ಗುರಿ ತಪ್ಪುವುದಿಲ್ಲ. ಓಡುವುದಕ್ಕೆ ಮಾತ್ರ ಗುಂಡು ಹಿಂದಕ್ಕೆ, ಹೊಟ್ಟೆಗೇ ಬೀಳುತ್ತದೆ.

ಲೆಕ್ಕ ಗೊತ್ತು. ಸೆಕೆಂಡಿಗೆ 800 ಮೀಟರ್ ಹೋಗುವ ಗುಂಡಿಗೆ ಆ 80 ಮೀಟರ್ ದೂರಕ್ಕೆ 0.1 ಸೆಕೆಂಡ್ ಬೇಕು. ಅಷ್ಟರಲ್ಲಿ ಸೆಕೆಂಡಿಗೆ 5 ಮೀಟರ್ ಓಡುವ ಪ್ರಾಣಿ ಅರ್ಧ ಮೀಟರ್ ಮುಂದೆ ಹೋಗಿರುತ್ತದೆ. ಆದರೆ ಟ್ರಿಗರ್ ಒತ್ತುವಾಗ ಗುರಿಯ ಜೊತೆ ರೈಫಲ್ ತಿರುಗುವುದು ನಿಂತುಬಿಡುತ್ತದೆ. ಈ ಅಭ್ಯಾಸ ಬಿಡಿಸುವುದು ಹೇಗೆ? ಗಾಯಗೊಂಡ ಪ್ರಾಣಿ ಕಾಡಿನಲ್ಲಿ ನರಳಬಾರದು, ಅಲ್ವಾ? ಸ್ವೀಡನ್, ನಾರ್ವೆಯಲ್ಲಿ ಬೇಟೆಗೆ ಹೋಗುವವರು ದಯವಿಟ್ಟು ತಿಳಿಸಿ. ಸ್ಕೋಪನ್ನು (ರೈಫಲ್ ಮೇಲಿನ ದುರ್ಬೀನು) ಎಷ್ಟು ಪವರ್‌ಗೆ ಇಡುತ್ತೀರಿ ಅಂತಲೂ ಹೇಳಿ.