ಹೆಸರಿನ ಇನಿಷಿಯಲ್ ತೊಂದರೆ: ಕಾರ್ಡ್ ಪಾಯಿಂಟ್ ಏರ್‌ಲೈನ್ ಖಾತೆಗೆ ಹೋಗ್ತಿಲ್ಲ

ತೆಂಗಿನಸೀಮೆ:
ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮನ್ನ ಬೆಂಗಳೂರಿಂದ ಸಿಂಗಪುರಕ್ಕೆ ಕರಕೊಂಡು ಹೋಗೋಣ ಅಂತ ಕ್ರೆಡಿಟ್ ಕಾರ್ಡ್ ಪಾಯಿಂಟ್ ಕೂಡಿಟ್ಟಿದ್ದೆ. ಏರ್‌ಲೈನ್ ಖಾತೆಗೆ ಕಳಿಸೋಕೆ ಹೋದ್ರೆ ‘ಹೆಸರು ಹೊಂದುತ್ತಿಲ್ಲ’ ಅಂತ ವಾಪಸ್ ಬರ್ತಿದೆ. ಬ್ಯಾಂಕಲ್ಲಿ ನನ್ನ ಹೆಸರಿನ ಮುಂದೆ ‘ಟಿ ಆರ್’ ಅಂತಷ್ಟೇ ಇದೆ. ಪಾಸ್‌ಪೋರ್ಟಲ್ಲಿ ಅದನ್ನೇ ಬಿಡಿಸಿ ತಿಪಟೂರು, ರಾಮಯ್ಯ ಎರಡೂ ಹಾಕಿದ್ದಾರೆ. ಏರ್‌ಲೈನ್ ಖಾತೆ ಪಾಸ್‌ಪೋರ್ಟ್ ಪ್ರಕಾರ ಮಾಡಿದ್ದು. ಕಸ್ಟಮರ್ ಕೇರ್‌ನವರು ‘ಕಾರ್ಡಲ್ಲಿರೋ ಹೆಸರಿಗೆ ಇನ್ನೊಂದು ಏರ್‌ಲೈನ್ ಖಾತೆ ಮಾಡ್ಕೊಳ್ಳಿ’ ಅಂತಾರೆ. ಮಾಡ್ಲಾ?

ಕಿಟಕಿ_ಸೀಟು:
ಬೇಡ ಸಾರ್. ಟಿಕೆಟ್ಟಲ್ಲಿ ಹೆಸರು ಪಾಸ್‌ಪೋರ್ಟಲ್ಲಿ ಇದ್ದಂಗೇ ಇರಬೇಕು. ಇನಿಷಿಯಲ್ ಹೆಸರಿನ ಖಾತೆಗೆ ಮೈಲ್ (ಕಾರ್ಡ್ ಪಾಯಿಂಟ್ ಏರ್‌ಲೈನ್‌ಗೆ ಹೋದ್ಮೇಲೆ ಆಗೋ ಪಾಯಿಂಟ್) ಹೋಗಿ ಕೂತ್ರೆ ನಿಮ್ಮದೇ ಟಿಕೆಟ್ ಮಾಡೋವಾಗ ಒದ್ದಾಡ್ತೀರಿ. ಒಬ್ಬರಿಗೆ ಎರಡು ಖಾತೆ ಇಟ್ಟುಕೊಳ್ಳೋಕೂ ಏರ್‌ಲೈನ್‌ಗಳು ಬಿಡಲ್ಲ, ಗೊತ್ತಾದ್ರೆ ಮುಚ್ಚಬಹುದು.

ಸರಿಮಾಡಬೇಕಾದ್ದು ಬ್ಯಾಂಕ್ ಕಡೆ. ಪಾಸ್‌ಪೋರ್ಟ್ ಜೆರಾಕ್ಸ್ ತಗೊಂಡು ಶಾಖೆಗೆ ಹೋಗಿ ಕೆವೈಸಿ ತಿದ್ದುಪಡಿ ಅರ್ಜಿ ಕೊಡಿ. ಕಾರ್ಡ್ ಮೇಲೆ ಹೊಸ ಹೆಸರು ಅಚ್ಚು ಹಾಕಿಸಿದ್ರೆ ಸಾಲದು, ಗ್ರಾಹಕರ ದಾಖಲೆಯಲ್ಲೇ ಬದಲಾಗಬೇಕು, ಅದನ್ನ ಬಾಯಿಬಿಟ್ಟು ಕೇಳಿ. ಪ್ಯಾನ್, ಆಧಾರಲ್ಲೂ ಇನಿಷಿಯಲ್ ಇದ್ರೆ ಮೊದಲು ಅವನ್ನೇ ಸರಿಮಾಡಿಸ್ಕೊಂಡು ಬನ್ನಿ ಅನ್ನಬಹುದು. ನಮ್ಮ ಕಡೆಯವರಿಗೆಲ್ಲ ಇದೊಂದು ಪೀಡೆ.

ಲೆಕ್ಕದ_ಪುಸ್ತಕ:
ಹೆಸರು ಸರಿಹೋದ ಕೂಡ್ಲೇ ಪಾಯಿಂಟ್ ಕಳಿಸಿಬಿಡಬೇಡಿ. ಏರ್‌ಲೈನ್‌ಗೆ ಹೋದ ಪಾಯಿಂಟ್ ಬ್ಯಾಂಕಿಗೆ ವಾಪಸ್ ಬರಲ್ಲ. ಸಿಂಗಪುರ ಅಂದ್ರೆ ನಿಮ್ಮದು ಕ್ರಿಸ್‌ಫ್ಲೈಯರ್ ಇರಬೇಕು, ಸಿಂಗಪುರ ಏರ್‌ಲೈನ್ಸ್‌ನ ಮೈಲ್ ಖಾತೆ. ಅದರಲ್ಲಿ ಮೈಲ್‌ಗೆ ಮೂರು ವರ್ಷ ಆಯಸ್ಸು. ಮೊದಲು ಲಾಗಿನ್ ಆಗಿ ನಿಮ್ಮ ತಾರೀಕಿಗೆ ‘ಸೇವರ್’ ಸೀಟು, ಅಂದ್ರೆ ಕಡಿಮೆ ಮೈಲಿಗೆ ಸಿಗೋ ಸೀಟು, ಇದೆಯಾ ನೋಡಿ. ‘ವೇಟ್‌ಲಿಸ್ಟ್’ ಅಂತ ಬಂದ್ರೆ ಅದು ಸೀಟಲ್ಲ. ದಸರಾ, ಬೇಸಿಗೆ ರಜೆ ಟೈಮಲ್ಲಿ ಮೂರು ಸೀಟು ಒಟ್ಟಿಗೆ ಸಿಗೋದು ಕಷ್ಟ, ಹಿಂದೆ ಮುಂದೆ ನಾಲ್ಕು ದಿನ ಜರುಗಿಸಿ ಹುಡುಕಿ.

ಇನ್ನೊಂದು, ಅಪ್ಪ ಅಮ್ಮನ ಟಿಕೆಟ್ ನಿಮ್ಮ ಮೈಲಲ್ಲಿ ತೆಗೀಬೇಕಾದ್ರೆ ಅವರನ್ನ ಖಾತೆಯಲ್ಲಿ ನಾಮಿನಿ ಅಂತ ಸೇರಿಸಬೇಕು. ಐದು ಜನಕ್ಕೆ ಜಾಗ ಇದೆ. ಅಲ್ಲೂ ಪಾಸ್‌ಪೋರ್ಟ್ ಹೆಸರೇ, ಅಮ್ಮನ ಇನಿಷಿಯಲ್ ಹಾಕಿ ಮತ್ತೆ ಇದೇ ಕಥೆ ಆಗೋದು ಬೇಡ.

ತೆಂಗಿನಸೀಮೆ:
ಥ್ಯಾಂಕ್ಸ್ ಇಬ್ಬರಿಗೂ. ಬ್ಯಾಂಕಿನ ಪೋರ್ಟಲಲ್ಲೇ ಪಾಯಿಂಟಿಗೆ 50 ಪೈಸೆ ಹಿಡಿದು ಟಿಕೆಟ್ ಕೊಡ್ತಾರೆ. ಇಷ್ಟೆಲ್ಲ ಒದ್ದಾಡೋ ಬದಲು ಅದೇ ವಾಸಿ ಅಲ್ವಾ?

ಲೆಕ್ಕದ_ಪುಸ್ತಕ:
ಲೆಕ್ಕ ಹಾಕಿ ನೋಡಿ. ಉದಾಹರಣೆಗೆ ದುಡ್ಡು ಕೊಟ್ರೆ ಟಿಕೆಟ್ 24,000 ರೂ. ಅಂದುಕೊಳ್ಳಿ. ಮೈಲಲ್ಲಿ ತಗೊಂಡ್ರೂ ತೆರಿಗೆ ಕೈಯಿಂದ ಕಟ್ಟಬೇಕು, ಅದು 6,000. ಉಳೀತು 18,000. ಅದಕ್ಕೆ 12,000 ಮೈಲ್ ಕೇಳಿದ್ರೆ ಮೈಲಿಗೆ ಒಂದೂವರೆ ರೂಪಾಯಿ. ನಿಮ್ಮ ಕಾರ್ಡಲ್ಲಿ ಎರಡು ಪಾಯಿಂಟಿಗೆ ಒಂದು ಮೈಲ್ ಆದ್ರೆ ಪಾಯಿಂಟಿಗೆ 75 ಪೈಸೆ ಬಿತ್ತು. ಪೋರ್ಟಲ್‌ಗಿಂತ ಮೇಲು. ಆದ್ರೆ ಆಫರಲ್ಲಿ ಟಿಕೆಟ್ 15,000ಕ್ಕೆ ಇಳಿದ್ರೆ ಅದೇ ಪಾಯಿಂಟ್ 38 ಪೈಸೆ ಆಗತ್ತೆ, ಆಗ ಪೋರ್ಟಲೇ ಗೆಲ್ಲತ್ತೆ. ತೆರಿಗೆ ಕಳೆಯೋದನ್ನ ಬಹಳ ಜನ ಮರೀತಾರೆ, ಯೂಟ್ಯೂಬಲ್ಲಿ ಹೇಳೋ ‘ಪಾಯಿಂಟಿಗೆ ಮೂರು ರೂಪಾಯಿ’ ಎಷ್ಟೋ ಸಲ ಹಂಗೇ ಹುಟ್ಟಿದ್ದು.

ಕಡ್ಲೆಕಾಯಿ:
ಇದೆಲ್ಲ ಬಿಲ್ ಪೂರ್ತಿ ಕಟ್ಟೋರಿಗೆ ಮಾತ್ರ. ಮಿನಿಮಮ್ ಕಟ್ಟಿ ಬಾಕಿ ಉಳಿಸಿದ್ರೆ ತಿಂಗಳ ಬಡ್ಡಿನೇ ಮೂರೂವರೆ ಪರ್ಸೆಂಟ್ ಹತ್ತಿರ ಹೋಗತ್ತೆ, ಮೈಲ್ ಎಲ್ಲಿ ಉಳೀತು?

ತೆಂಗಿನಸೀಮೆ:
ಅಪ್‌ಡೇಟ್: ಕೆವೈಸಿ ಆಯ್ತು, ಬ್ಯಾಂಕಲ್ಲಿ ಪೂರ್ತಿ ಹೆಸರು ಬಂತು. ಹೋಗೋಕೆ ಮೂರು ಸೇವರ್ ಸೀಟು ಕಂಡ ಮೇಲೇ ಪಾಯಿಂಟ್ ಕಳಿಸಿದೆ, ಈ ಸಲ ತಕರಾರಿಲ್ಲದೆ ಹೋಯ್ತು, ಟಿಕೆಟ್ ಕೈಗೆ ಬಂತು. ವಾಪಸ್ ಬರೋಕೆ ಮಾತ್ರ ವೇಟ್‌ಲಿಸ್ಟ್. ಅದನ್ನ ದುಡ್ಡು ಕೊಟ್ಟೇ ತಗೋತೀನಿ. ಬಿಲ್ ಸಿಂಗಪುರ ಡಾಲರಲ್ಲಿ ತೋರಿಸ್ತಿದೆ, ಅದೇ ಕಾರ್ಡ್ ಉಜ್ಜಿದ್ರೆ ಆಗತ್ತಾ?

ಕಿಟಕಿ_ಸೀಟು:
ಕಾರ್ಡಿನ ಫಾರೆಕ್ಸ್ ಮಾರ್ಕಪ್, ಅಂದ್ರೆ ವಿದೇಶಿ ಹಣದ ಬಿಲ್ಲಿಗೆ ಬ್ಯಾಂಕ್ ಹಾಕೋ ಶುಲ್ಕ, ಎಷ್ಟು ನೋಡಿ. 3.5% ಇದ್ರೆ ಅದರ ಮೇಲೆ 18% ಜಿಎಸ್‌ಟಿ ಸೇರಿ 4.13% ಆಗತ್ತೆ, 30,000ಕ್ಕೆ 1,239 ರೂ. ಹೆಚ್ಚಿಗೆ. ಭಾರತದ ಬುಕಿಂಗ್ ಸೈಟಲ್ಲಿ ಅದೇ ವಿಮಾನ ರೂಪಾಯಲ್ಲಿ ಸಿಗತ್ತಾ ಹುಡುಕಿ, ಅವರ ಸರ್ವಿಸ್ ಚಾರ್ಜ್ ಅದಕ್ಕಿಂತ ಕಡಿಮೆ ಇದ್ರೆ ಅಲ್ಲೇ ತಗೊಳ್ಳಿ.