ಅಪ್‌ಡೇಟ್: ಶಾರದೆಯೋ ವರದೆಯೋ, ಮಗಳಿಗೆ ಹೆಸರಿಟ್ಟೆವು

ಮಗಳಿಗೆ ಶಾರದಾ ಅಂತ ಇಡೋದಾ, ವರದಾ ಅಂತ ಇಡೋದಾ ಎಂದು ಕೇಳಿದ್ದೆ. ಎರಡೂ ಅಜ್ಜಿ ಕಾಲದ ಹೆಸರು, ಕೂಗಿದರೆ ಕಿವಿಗೆ ಹೆಚ್ಚುಕಮ್ಮಿ ಒಂದೇ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ ವರದಾ ಅಂತಲೇ ಇಟ್ಟೆವು.

ನಿಮ್ಮಲ್ಲಿ ಜಾಸ್ತಿ ಜನ ಶಾರದಾ ಅಂದಿದ್ದಿರಿ. ಶೃಂಗೇರಿ ಅಮ್ಮನವರ ಹೆಸರು, ನನಗೂ ಅದರ ಮೇಲೇ ಮನಸ್ಸಿತ್ತು. ಆದರೆ ಅದು ನನ್ನ ಗಂಡನ ಅಜ್ಜಿಯ ಹೆಸರು ಕೂಡ. ನಮ್ಮತ್ತೆ ಇವತ್ತಿಗೂ ಆ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. "ನಮ್ಮತ್ತೆ ಹೆಸರು ಹಿಡಿದು ಮಗೂನ ಹೇಗಮ್ಮ ಗದರಲಿ?" ಅಂದರು. ಮೊಮ್ಮಗಳನ್ನು ಕರೆಯೋಕೆ ಅಜ್ಜಿಗೇ ಆಗಲ್ಲ ಅಂದರೆ ಆ ಹೆಸರು ಯಾಕೆ, ಅಲ್ವಾ? ಅಲ್ಲಿಗೆ ತೀರ್ಮಾನವಾಯಿತು.

ವರದಾ ನಮ್ಮ ಕಡೆಯ ನದಿ. ಸಾಗರದ ಹತ್ತಿರ ವರದಾಮೂಲದಲ್ಲಿ ಹುಟ್ಟಿ, ಬನವಾಸಿ ಪಕ್ಕದಲ್ಲೇ ಹರಿದು, ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆ ಸೇರುತ್ತದೆ. ನನ್ನ ತವರು ಬನವಾಸಿ ಕಡೆ. ಅಪ್ಪ ಆಗಲೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ.

ನಾಮಕರಣ ಮನೆಯಲ್ಲೇ ಮಾಡಿದೆವು. ತಟ್ಟೆಯಲ್ಲಿ ಅಕ್ಕಿ ಹರವಿ, ಯಜಮಾನರು ಉಂಗುರದಲ್ಲಿ ಹೆಸರು ಬರೆದರು. 'ದಾ' ಬರೆಯುವಷ್ಟರಲ್ಲಿ ಅಕ್ಕಿ ಜರುಗಿ 'ವ' ಅಳಿಸಿತು, ಮತ್ತೆ ತಿದ್ದಿದರು. ನಾದಿನಿ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದಳು.

ಜನನ ಪ್ರಮಾಣಪತ್ರದ ಬಗ್ಗೆ ಕೇಳಿದ್ದವರಿಗೆ: ಅವಸರ ಬೇಡ. ಹೆಸರಿಲ್ಲದೆ ನೋಂದಣಿ ಮಾಡಿಸಿದ್ದರೂ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಇಂಗ್ಲಿಷ್ ಸ್ಪೆಲ್ಲಿಂಗ್ ಮಾತ್ರ ಮೊದಲೇ ಗಟ್ಟಿ ಮಾಡಿಕೊಳ್ಳಿ. ಆಮೇಲೆ ಆಧಾರ್, ಶಾಲೆ, ಎಲ್ಲ ಕಡೆ ಅದೇ ಬರಬೇಕು.